ಶೆಟ್ಟಿಹಳ್ಳಿಯ ತಾಯಂದಿರ ಮಕ್ಕಳಿಗೊಂದು ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಂಚಿಹೋಗಿರುವ ಶೆಟ್ಟಿಹಳ್ಳಿ ಮೂಲದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ, ನಿಮ್ಮ ಮಕ್ಕಳು ಮೊಮ್ಮಕ್ಕಳಿಗೆ,



ನಮ್ಮವ್ವ ತೀರಿಕೊಂಡ ಸುದ್ದಿ ಕೇಳಿ ನಿಮ್ಮಲ್ಲಿ ಅನೇಕರು ಮಣ್ಣಿಗೆ ಬಂದಿರಿ. ಬರಲಾಗದವರು ಫೋನು ಮಾಡಿದಿರಿ. ತಿಂಗಳ ಪೂಜೆಗೂ ಬಂದು, ನಮ್ಮ ಜೊತೆ ಕೂತು ಉಂಡು ಹೋದಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಉಪಕಾರ ಸ್ಮರಣೆಯಷ್ಟೇ ಆಗಿದ್ದರೆ ನಾಲ್ಕು ಸಾಲು ಸಾಕಿತ್ತು. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ, ಅದನ್ನು ಕೇಳುವ ಮೊದಲು ಅವ್ವನ ವಿಷಯ ಒಂದಿಷ್ಟು ಹೇಳಬೇಕು.

ನೆನಪಿನ ಕಾರ್ಡಿಗೆ ಏನು ಬರೆಸೋಣ ಅಂತ ಹಾಸನದಲ್ಲಿರುವ ತಮ್ಮ ಕೇಳಿದ್ದ. ಪ್ರೆಸ್ಸಿನವರ ಹತ್ತಿರ ಮಾತುಗಳು ಸಿದ್ಧವಾಗಿಯೇ ಇದ್ದವು: ದೈವಭಕ್ತೆ, ತ್ಯಾಗಮಯಿ, ಸಹನಾಮೂರ್ತಿ. ಯಾವುದೂ ಪೂರಾ ಸುಳ್ಳಲ್ಲ. ಆದರೆ ಫೋಟೊ ಬದಲಾಯಿಸಿದರೆ ಅದೇ ಕಾರ್ಡು ಯಾರಿಗೆ ಬೇಕಾದರೂ ನಡೆಯುತ್ತದೆ. ನಮ್ಮವ್ವ ಸಹನಾಮೂರ್ತಿ ಎಂದರೆ ಅವಳಿಗೆ ಹಾಲು ಹಾಕುತ್ತಿದ್ದವನೇ ಒಪ್ಪಲಾರ. ಲೆಕ್ಕದಲ್ಲಿ ಪಕ್ಕಾ, ಮಾತಿನಲ್ಲಿ ಖಾರ. ಎಂಬತ್ತು ದಾಟಿದ ಮೇಲೂ ಸ್ವಾಮಿಗಳ ಪ್ರಸಂಗ ಉದ್ದವಾದರೆ ಎಲ್ಲರಿಗೂ ಕಾಣುವ ಹಾಗೆ ಗಡಿಯಾರದ ಕಡೆ ನೋಡುತ್ತಿದ್ದಳು. ತೊಂಬತ್ತರ ಹತ್ತಿರದ ತನಕ ಬದುಕಿದ ಹೆಂಗಸನ್ನು ಮೂರು ವಿಶೇಷಣದಲ್ಲಿ ಮುಗಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಕಾರ್ಡಿನಲ್ಲಿ ಹೆಸರು, ಹುಟ್ಟಿದ ಊರು, ತೀರಿಕೊಂಡ ದಿನ ಇಷ್ಟೇ ಹಾಕಿಸಿದೆವು. ಊರು: ಶೆಟ್ಟಿಹಳ್ಳಿ.

ಆ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಹೇಮಾವತಿಯ ದಡದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಗುಡಿ ಮಳೆಗಾಲದಲ್ಲಿ ಗೊರೂರಿನ ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಮದುವೆಗೆ ಮುಂಚಿನ ಫೋಟೊ, ಡ್ರೋನು, ಸಿನಿಮಾ ಹಾಡು ಎಲ್ಲಾ ಅಲ್ಲೇ. ಬಂದವರಿಗೆ ಯಾರಾದರೊಬ್ಬರು ಹೇಳುವ ಕಥೆ ಒಂದಿದೆ, ಗೋಡೆಯ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರು ಅಂತ. ಈ ಕಥೆ ಬಂದಾಗಲೆಲ್ಲ ಅವ್ವ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅಷ್ಟೊಂದು ಮೊಟ್ಟೆ ಯಾರ ಮನೆ ಕೋಳೀದು? ಆ ಗಾರೆ ಹೊತ್ತೋರು ಯಾರು? ಅದನ್ನ ಯಾಕೆ ಯಾರೂ ಹೇಳಕಿಲ್ಲ?"

ಈ ಪತ್ರದ ಮೂಲ ಆ ಪ್ರಶ್ನೆಯೇ.

ನಮ್ಮ ಸೀಮೆಯ ಕಥೋಲಿಕರ ಚರಿತ್ರೆ ಬರೆದವರಿದ್ದಾರೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಸ್ವಾಮಿ ಅಬ್ಬೆ ದ್ಯುಬುವಾ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಒಟ್ಟು ಮಾಡಿದರು. ಹಾಸನದ ಬಳಿ ಒಕ್ಕಲುತನ ಮಾಡಿ ಬದುಕುವ ನೆಲೆ ಕಟ್ಟಿದರು. ಸಿಡುಬು ಮನೆಮನೆಯನ್ನೂ ಬರಿದು ಮಾಡುತ್ತಿದ್ದ ಕಾಲದಲ್ಲಿ, 1803–04ರಲ್ಲಿ, 25,000ಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿಸಿದರು. ಇಲ್ಲಿಯವರ ಹಾಗೆ ಉಟ್ಟು ಇಲ್ಲಿಯವರ ಹಾಗೆ ಉಂಡ ಅವರನ್ನು ಜನ ದೊಡ್ಡಸ್ವಾಮಿ ಎಂದು ಕರೆದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದ ಮೇಲೆ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಬೇರೆ ಸ್ವಾಮಿಗಳು ಬಂದರು. ಅವ್ವ ಹುಡುಗಿಯಾಗಿದ್ದಾಗ ಮೈಸೂರಿನ ಬಿಷಪ್ ಆಗಿದ್ದವರು ಫ್ರೆಂಚರೇ ಆದ ರೆನೆ ಫ್ಯೂಗಾ. 1963ರಲ್ಲಿ ಚಿಕ್ಕಮಗಳೂರು ಬೇರೆ ಧರ್ಮಕ್ಷೇತ್ರವಾಯಿತು, ಹಾಸನ ಜಿಲ್ಲೆ ಅತ್ತ ಸೇರಿತು, ಆಲ್ಫೋನ್ಸಸ್ ಮಥಾಯಸ್ ಮೊದಲ ಬಿಷಪ್ ಆದರು. ಈ ಹೆಸರುಗಳೆಲ್ಲ ಪುಸ್ತಕದಲ್ಲಿವೆ. ಇರಬೇಕಾದ್ದೇ, ಆ ಮನುಷ್ಯರು ದುಡಿದಿದ್ದಾರೆ. ಆದರೆ ಶನಿವಾರ ಸಾಯಂಕಾಲ ಗುಡಿ ಗುಡಿಸಿ ನೀರು ಹಾಕಿದವರ, ಹಬ್ಬಕ್ಕೆ ತೇರು ಕಟ್ಟಲು ಹೂ ಕೊಯ್ದು ತಂದವರ, ಸ್ವಾಮಿಗಳು ಬಾರದ ವಾರಗಳಲ್ಲಿ ಮಕ್ಕಳಿಗೆ ಜಪ ಕಲಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾನು ಹುಡುಕಿದೆ. ನಮ್ಮವ್ವ ದಾಖಲೆಯಲ್ಲಿರುವುದು ಜ್ಞಾನಸ್ನಾನದ ರಿಜಿಸ್ಟರಿನಲ್ಲಿ, ಮದುವೆಯ ರಿಜಿಸ್ಟರಿನಲ್ಲಿ, ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ. ಮುಳುಗಡೆಯ ಪರಿಹಾರದ ಕಾಗದದಲ್ಲಿ ಅಪ್ಪನ ಹೆಸರಿದೆ. ಆ ಹೊಲದಲ್ಲಿ ಅವನಿಗಿಂತ ಒಂದು ಗಳಿಗೆ ಮೊದಲು ಇಳಿದು ಒಂದು ಗಳಿಗೆ ತಡವಾಗಿ ಮೇಲೆ ಬರುತ್ತಿದ್ದವಳ ಹೆಸರಿಲ್ಲ.

ಅವಳ ಭಕ್ತಿ ಎಂಥದು ಅಂತ ನಿಮ್ಮಲ್ಲಿ ಚಿಕ್ಕವರು ಕೇಳಿದ್ದಿರಿ. ದೊಡ್ಡ ಸಾಕ್ಷ್ಯವೇನೂ ಇಲ್ಲ. ಅವಳಿಗೆ ಕನಸಿನಲ್ಲಿ ಯಾರೂ ಕಾಣಿಸಿಕೊಳ್ಳಲಿಲ್ಲ, ಪವಾಡ ಆಗಲಿಲ್ಲ. ದೀಪ ಹಚ್ಚಿದ ಮೇಲೆ ಜಪಸರ, ಅಷ್ಟೆ. ಅದೊಂದು ತಪ್ಪುತ್ತಿರಲಿಲ್ಲ. ಅವಳ ಚಿಕ್ಕಂದಿನಲ್ಲಿ ಗುಡಿಯೊಳಗಿನ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಸ್ವಾಮಿಗಳು ಪೀಠದ ಕಡೆ ಮುಖ ಮಾಡಿ ಹೇಳುತ್ತಿದ್ದದ್ದು ಊರಿನ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ದೇವರೊಡನೆ ಮಾತಾಡುವ ಜಾಗ ಮನೆ. ಅಲ್ಲಿ ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಿದ್ದವರು ಹೆಂಗಸರು. ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಅರುಳಪ್ಪ ಎಂದು ಹೆಸರಿಟ್ಟುಕೊಂಡ ಗಂಡಸರು ಹಿಂದೆ ಗೋಡೆಗೊರಗಿ ತೂಕಡಿಸುತ್ತಿದ್ದರಂತೆ. ವ್ಯಾಟಿಕನ್ನಿನ ಎರಡನೆಯ ಮಹಾಸಭೆ 1962ರಿಂದ 1965ರವರೆಗೆ ನಡೆದು, ಅದರ ಫಲವಾಗಿ ಪೂಜೆ ಕನ್ನಡಕ್ಕೆ ಬಂದಾಗ ಊರಿನ ಕೆಲವು ಹಿರಿಯರಿಗೆ ಅದು ಸಪ್ಪೆಯೆನಿಸಿತು. ಅವ್ವನಿಗೆ ಹಾಗನ್ನಿಸಲಿಲ್ಲ. "ಇಷ್ಟು ವರ್ಷ ಏನಕ್ಕೆ ಆಮೆನ್ ಅಂತಿದ್ದೆ ಅಂತ ಆವತ್ತು ಗೊತ್ತಾಯ್ತು" ಎನ್ನುತ್ತಿದ್ದಳು. ಮಹಾಸಭೆಯ ಮೇಲೆ ಬಂದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ.

ನಿಷ್ಠೆ ಇತ್ತು, ಮಡಿವಂತಿಕೆ ಇರಲಿಲ್ಲ. ಆಲೂಗೆಡ್ಡೆ ಕೀಳುವ ದಿನಗಳಲ್ಲಿ ಎಲ್ಲರ ಸೊಂಟವೂ ಬಿದ್ದುಹೋಗಿರುತ್ತಿತ್ತು. ಆಗ ಐವತ್ತು ಮಣಿಯ ಬದಲು ಹತ್ತೇ ಮಣಿ. ಅಪ್ಪ ಹುಬ್ಬು ಗಂಟಿಕ್ಕಿದರೆ, "ಗೆಡ್ಡೆ ಕೀಳೋ ಕಾಲ ಅಂತ ದೇವರಿಗೂ ಗೊತ್ತೈತೆ" ಎಂದು ಮುಗಿಸುತ್ತಿದ್ದಳು. ವಿಭೂತಿ ಬುಧವಾರದಿಂದ ಈಸ್ಟರಿನ ತನಕ ಬಾಡು ಮುಟ್ಟುತ್ತಿರಲಿಲ್ಲ, ಆದರೆ ಹೊಲಕ್ಕೆ ಹೋಗುವ ನಮಗೆ ಬೆಲ್ಲ ಹಾಕಿದ ರಾಗಿ ಅಂಬಲಿ ತಪ್ಪಿಸುತ್ತಿರಲಿಲ್ಲ. ಉಪವಾಸ ದೊಡ್ಡವರದು, ಹಸಿವು ಮಕ್ಕಳದು, ಎರಡನ್ನೂ ಕಲಸಬಾರದು ಎಂಬುದು ಅವಳ ಶಾಸ್ತ್ರ.

ಮಕ್ಕಳಲ್ಲಿ ಕೊನೆಯವಳು ಮಾತ್ರ ಆಸ್ಪತ್ರೆಯಲ್ಲಿ ಹುಟ್ಟಿದವಳು, ಹಾಸನದ ರೆಡ್‌ಫರ್ನ್ ಮಿಷನ್ ಆಸ್ಪತ್ರೆಯಲ್ಲಿ. ಅದು ವೆಸ್ಲಿ ಮಿಷನ್ನಿನ ಪ್ರೊಟೆಸ್ಟೆಂಟರು ಕಟ್ಟಿದ್ದು, ಅಲ್ಲಿ ಜಪಸರ ತೆಗೆದರೆ ಏನಂತಾರೋ ಎಂದು ಅಪ್ಪನಿಗೆ ಅಳುಕು. ಅವ್ವ ದಿಂಬಿನ ಅಡಿಯಲ್ಲಿಟ್ಟುಕೊಂಡಿದ್ದ ಸರವನ್ನು ಮಾರನೆಯ ಬೆಳಿಗ್ಗೆ ನರ್ಸಮ್ಮನೇ ಕೈಗೆ ತೆಗೆದುಕೊಟ್ಟರಂತೆ. ಆ ಮೇಲೆ ನಮ್ಮ ಮನೆಯಲ್ಲಿ ಯಾರೂ ವೆಸ್ಲಿ ಮಿಷನ್ನಿನವರ ಬಗ್ಗೆ ಹಗುರವಾಗಿ ಮಾತಾಡುವ ಹಾಗಿರಲಿಲ್ಲ.

ಗೊರೂರಿನ ಅಣೆಕಟ್ಟು ಪೂರ್ತಿಯಾದದ್ದು 1979ರಲ್ಲಿ. ಅದಕ್ಕೂ ಮೊದಲೇ ಊರು ಏಳತೊಡಗಿತ್ತು. ಹೆಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲು ಕಿತ್ತು ಗಾಡಿಗೆ ಹೇರಿದ್ದನ್ನು ನಿಮ್ಮಲ್ಲಿ ದೊಡ್ಡವರೆಲ್ಲ ಕಂಡಿದ್ದೀರಿ. ಹೊಸ ಜಾಗದ ಮಣ್ಣು, ಬಾವಿ, ಪರಿಹಾರಕ್ಕೆ ಕಚೇರಿಯಿಂದ ಕಚೇರಿಗೆ ಅಲೆದದ್ದು, ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಹೊಸ ಜಾಗದಲ್ಲಿ ಗೋಡೆ ಎದ್ದು ಸೂರು ಏರುವ ಮೊದಲೇ ಅವ್ವ ಗೋಡೆಗೆ ಮೊಳೆ ಹೊಡೆದು ಮರಿಯಮ್ಮನ ಪಟ ತೂಗಿ ಅಂದಿನ ಜಪ ಮುಗಿಸಿದಳು. ನೆಲ ಹೋಯಿತು, ಗುಡಿ ಹೋಯಿತು, ಆದರೆ ಒಂದು ಸಾಯಂಕಾಲವೂ ಮಧ್ಯೆ ಬಿಟ್ಟುಹೋಗಲಿಲ್ಲ. ಶೆಟ್ಟಿಹಳ್ಳಿಯ ಕ್ರೈಸ್ತ ಧರ್ಮ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿದ್ದು ಹಾಗೆ. ಬಿಷಪ್ಪರ ಆಜ್ಞೆಯಿಂದ ಗುಡಿ ಕಟ್ಟಬಹುದು. ಎದ್ದುಹೋದ ಊರಿನ ಜನ ಮರುದಿನವೂ ಪ್ರಾರ್ಥನೆಗೆ ಕೂರುವಂತೆ ಮಾಡಿದ್ದು ಈ ಹೆಂಗಸರು. ನನ್ನ ಖಚಿತ ಅಭಿಪ್ರಾಯ ಇದು. ಒಪ್ಪದವರು ನಿಮ್ಮ ಮನೆಯ ಅಜ್ಜಿಯನ್ನು ಕೇಳಿ ನೋಡಿ.

ಆ ಮೇಲೆ ಅವಳಿಗೊಂದು ಹೊಸ ಅಭ್ಯಾಸ ಬಂತು. ಮಳೆಗಾಲ ಹಿಡಿಯಿತೆಂದರೆ ದಿನವೂ ಪೇಪರಿನಲ್ಲಿ ಜಲಾಶಯಗಳ ಮಟ್ಟ ಕೊಡುತ್ತಾರಲ್ಲ, ಅದನ್ನು ಓದಿಸಿ ಕೇಳುವುದು. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ, ತುಂಬಿದರೆ 37 ಟಿಎಂಸಿ ನೀರು. ಲೆಕ್ಕ ಅವಳಿಗೆ ಬಾಯಿಪಾಠ. ಇಷ್ಟು ಅಡಿ ಎಂದರೆ ನೀರು ಬಾಗಿಲಿಗೆ, ಇಷ್ಟು ಎಂದರೆ ಪೀಠಕ್ಕೆ ಎಂದು ಹೇಳುತ್ತಿದ್ದಳು. ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7. ಒಳ್ಳೆಯ ಮಳೆಯ ವರ್ಷ ಅಷ್ಟು ಹೊತ್ತಿಗೆ ಜಲಾಶಯ ತುಂಬಿರುತ್ತದೆ. ಅಂದರೆ ಆ ಗುಡಿಯ ಸ್ವಂತ ಹಬ್ಬದ ದಿನ ಆ ಗುಡಿ ನೀರಿನಲ್ಲಿ. ಬರದ ವರ್ಷ ಮಾತ್ರ ಹಬ್ಬಕ್ಕೆ ಗುಡಿ ಸಿಗುತ್ತದೆ, ಬರದ ವರ್ಷ ಹಬ್ಬ ಮಾಡಲು ಮನೆಯಲ್ಲಿ ಏನಿರುತ್ತದೆ? ಇದನ್ನು ಅವ್ವ ದೂರಿನಂತೆ ಹೇಳುತ್ತಿರಲಿಲ್ಲ. ಒಗಟಿನಂತೆ ಹೇಳಿ ಮೊಮ್ಮಕ್ಕಳ ಮುಖ ನೋಡುತ್ತಿದ್ದಳು.

ಇಟಲಿಯ ಉತ್ತರದಲ್ಲಿ ಕ್ಯೂರಾನ್ ಎಂಬ ಊರು ಹೀಗೆಯೇ 1950ರಲ್ಲಿ ಜಲಾಶಯಕ್ಕೆ ಹೋಯಿತು, ಹದಿನಾಲ್ಕನೆಯ ಶತಮಾನದ ಗಂಟೆ ಗೋಪುರವೊಂದು ಮಾತ್ರ ನೀರಿನಿಂದ ತಲೆಯೆತ್ತಿ ನಿಂತಿದೆ. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದಾಗ ಅವ್ವ ಗೋಪುರ ನೋಡಲಿಲ್ಲ. "ಆ ಊರ ಜನ ಎಲ್ಲಿಗೆ ಹೋದ್ರಂತೆ?" ಎಂದಳು. ಅವನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಹೇಮಾವತಿಯ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಬಲದಂಡೆಯ ನಾಲೆ ಅರಕಲಗೂಡು, ಹೊಳೆನರಸೀಪುರದ ಕಡೆ. ಎಡದಂಡೆಯದು ಚನ್ನರಾಯಪಟ್ಟಣದ ಮೇಲೆ ತುಮಕೂರಿನ ತನಕ. ಅವ್ವನ ಹೆಣ್ಣುಮಕ್ಕಳನ್ನು ಕೊಟ್ಟದ್ದು ಇದೇ ಮೂರು ಕಡೆ. ಅಕ್ಕ ಹೊಳೆನರಸೀಪುರದಲ್ಲಿ, ತಂಗಿ ಅರಕಲಗೂಡಿನ ಹೊಗೆಸೊಪ್ಪಿನ ಸೀಮೆಯಲ್ಲಿ, ನಾನು ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ. ಬೇಕೆಂದು ಮಾಡಿದ್ದಲ್ಲ, ಹಾಗೆ ಕೂಡಿಬಂತು. ಅಪ್ಪ ಹೋದ ಮೇಲೆ ಅವಳು ತಮ್ಮನ ಮನೆಗೂ ನಮ್ಮ ಮನೆಗಳಿಗೂ ಸರದಿಯ ಮೇಲೆ ಓಡಾಡುತ್ತಿದ್ದಳು. ಒಂದು ಚೀಲ, ಅದರಲ್ಲಿ ಎರಡು ಸೀರೆ, ಜಪಸರ, ದಪ್ಪಕ್ಷರದ ಪ್ರಾರ್ಥನೆ ಪುಸ್ತಕ, ಎಲೆಯಡಿಕೆ.

ಭಾವ ಹೊಳೆನರಸೀಪುರದಲ್ಲಿ ನಾಲೆಯ ಕೆಳಗೆ ಭತ್ತ ಹಾಕುತ್ತಾರೆ. ಕಾಲುವೆ ಒಡೆದು ನೀರು ರಸ್ತೆಗೆ ಹರಿದುಹೋಗುತ್ತಿದ್ದದ್ದನ್ನು ಕಂಡ ಅವ್ವ ಒಮ್ಮೆ ಅವರನ್ನು ಅಂಗಳಕ್ಕೇ ಕರೆಸಿ, "ನಮ್ಮ ಗುಡೀಲಿ ನಿಂತು ಬಂದ ನೀರು ಕಣಪ್ಪ ಅದು, ಚೆಲ್ಲಬ್ಯಾಡಿ" ಎಂದಳು. ಭಾವ ಎಷ್ಟೇ ಜೋರಿನವರಾದರೂ ಗುದ್ದಲಿ ತೆಗೆದುಕೊಂಡು ಹೊರಟರು. ಅಣೆಕಟ್ಟು ಒಳ್ಳೆಯದೋ ಕೆಟ್ಟದ್ದೋ ಎಂದು ಅವಳನ್ನು ಕೇಳಿದವರುಂಟು. ಅವಳಿಗೆ ಎರಡೂ ಉತ್ತರ ಗೊತ್ತಿತ್ತು, ಎರಡನ್ನೂ ಕೊಡಲಿಲ್ಲ. ಆ ಅಕ್ಕಿಯ ಅನ್ನ ಉಂಡಳು. ಹೋದದ್ದು ಹೋಗಲಿಲ್ಲ ಎಂದು ಸುಳ್ಳೂ ಹೇಳಲಿಲ್ಲ.

ನೆರೆಹೊರೆಯ ವಿಷಯ. ನಾವಿರುವ ಬೀದಿಗಳಲ್ಲಿ ನಮ್ಮವರ ಮನೆ ಒಂದೋ ಎರಡೋ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ ಕೆಲವೇ ದಿನ ತೆರೆಯುತ್ತದೆ. ಆ ದಿನಗಳಲ್ಲಿ ತಮ್ಮನ ಮನೆಯ ಅಕ್ಕಪಕ್ಕದ ಹೆಂಗಸರು ಕೈಗೂಸುಗಳನ್ನು ಅವ್ವನ ಮಡಿಲಿಗೆ ಹಾಕಿ ಸರದಿಯ ಸಾಲಿಗೆ ಹೋಗುತ್ತಿದ್ದರು. ಹೊತ್ತು ಮುಳುಗಿದರೆ ಆ ಕೂಸುಗಳನ್ನೂ ಎದುರಿಗೆ ಕೂರಿಸಿಕೊಂಡೇ ಜಪಸರ ಹೇಳುತ್ತಿದ್ದಳು. ತಾಯಂದಿರು ಬಂದು ಪ್ರಸಾದ ಕೊಟ್ಟರೆ ಕೈಚಾಚಿ ಇಸಿದುಕೊಳ್ಳುತ್ತಿದ್ದಳು. ಇದು ಸರಿಯೇ ಎಂದು ಯಾರೋ ಒಬ್ಬರು ಕೆದಕಿದರು. "ಕೊಟ್ಟೋರ ಮುಖ ನೋಡಿ ಇಸ್ಕಂಡೆ" ಎಂದಳು. ಮಣ್ಣಿನ ದಿನ ಆ ಬೀದಿಯ ಹೆಂಗಸರೇ ನಮ್ಮೆಲ್ಲರಿಗೂ ಅಡಿಗೆ ಮಾಡಿ ಕಳಿಸಿದ್ದು. ನೀವೇ ಉಂಡಿರಿ.

ಕೊನೆಯ ಸಲ ಅವಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದದ್ದು ಒಂದು ಬೇಸಗೆಯಲ್ಲಿ. ನೀರು ಹಿಂದೆ ಸರಿದಿತ್ತು, ಕೆಸರು ಒಣಗಿ ಬಿರಿದಿತ್ತು. ಸೂರಿಲ್ಲದ ಕಮಾನುಗಳ ಕೆಳಗೆ ಜನವೋ ಜನ. ಅವ್ವ ಕೋಲೂರಿಕೊಂಡು ಪೀಠವಿದ್ದ ಕಡೆಗೆ ಹೋಗಿ ನಿಂತಳು. ಅವಳು ಮೊದಲ ಪರಮಪ್ರಸಾದ ತೆಗೆದುಕೊಂಡದ್ದು ಅಲ್ಲಿ, ಮದುವೆಯಾದದ್ದು ಅಲ್ಲಿ, ನಮಗೆಲ್ಲ ಜ್ಞಾನಸ್ನಾನ ಕೊಡಿಸಿದ್ದು ಅಲ್ಲಿ. ಜರಿಯಂಚಿನ ಉದ್ದ ಲಂಗದ ಹುಡುಗಿಯೊಬ್ಬಳ ಫೋಟೊ ತೆಗೆಯುತ್ತಿದ್ದ ಹುಡುಗ ಮರ್ಯಾದೆಯಿಂದಲೇ ಹೇಳಿದ: "ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಲ್ಲಿ ಬರ್ತಿದೀರ." ನಮ್ಮ ತಮ್ಮನಿಗೆ ರೇಗಿತು. ಅವ್ವನಿಗೆ ರೇಗಲಿಲ್ಲ. ಪಕ್ಕಕ್ಕೆ ಸರಿದು, ಅವರ ಫೋಟೊ ಮುಗಿಯುವ ತನಕ ಕಾದು, ಆ ಹುಡುಗಿಯನ್ನು ಕರೆದು ಕೂರಿಸಿಕೊಂಡಳು. ಹೆಂಗಸರು ಈ ಕಡೆ ಕೂರುತ್ತಿದ್ದರು, ಗಂಡಸರು ಆ ಕಡೆ, ಗಂಟೆ ಅಲ್ಲಿತ್ತು, ಹಾಡುವವರು ಹಿಂದೆ ನಿಲ್ಲುತ್ತಿದ್ದರು ಎಂದು ತೋರಿಸಿದಳು. ಹುಡುಗಿ ಕಣ್ಣರಳಿಸಿ ಕೇಳಿದ ಪ್ರಶ್ನೆ ನನಗೆ ಮರೆಯದು: "ಇಲ್ಲಿ ನಿಜವಾಗ್ಲೂ ಜನ ಬರ್ತಿದ್ರಾ ಅಜ್ಜಿ?"

ಅವಳ ತಪ್ಪಲ್ಲ. ಅವಳಿಗೆ ಸಿಕ್ಕಿದ ಫೋಟೊಗಳಲ್ಲೆಲ್ಲ ಗೋಡೆ ಇತ್ತು, ನೀರಿತ್ತು, ಹಕ್ಕಿ ಇತ್ತು. ಜನ ಇರಲಿಲ್ಲ. ನಾವು ಆ ಜನವನ್ನು ಎಲ್ಲೂ ಬರೆದಿಡಲಿಲ್ಲ.

ಪಕ್ಕದ ಗೊರೂರಿಗೆ ಒಬ್ಬ ರಾಮಸ್ವಾಮಿ ಅಯ್ಯಂಗಾರರು ಸಿಕ್ಕಿದರು. ಅವರ ‘ನಮ್ಮ ಊರಿನ ರಸಿಕರು’ ಓದಿದವರಿಗೆ ಆ ಊರಿನ ಮನುಷ್ಯರು ಇವತ್ತಿಗೂ ಪರಿಚಿತರು. ಅದೇ ಹೇಮಾವತಿ, ಅದೇ ಗದ್ದೆ ಬಯಲು, ಅದೇ ಮಳೆ. ಶೆಟ್ಟಿಹಳ್ಳಿಗೆ ಅಂಥವರು ಸಿಗಲಿಲ್ಲ. ಇನ್ನು ಸಿಗುವ ತನಕ ಕಾಯುವಷ್ಟು ಪುರುಸೊತ್ತು ನಮಗಿಲ್ಲ. ಸೂರು ಇದ್ದ ಗುಡಿಯಲ್ಲಿ ಮೊಣಕಾಲೂರಿ ಪೂಜೆ ಕೇಳಿದ ನೆನಪು ಇರುವವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಒಂದೊಂದು ಮಳೆಗಾಲಕ್ಕೂ ಆ ಗೋಡೆ ಒಂದಿಷ್ಟು ಕುಸಿಯುತ್ತಿದೆ, ಅದನ್ನು ಉಳಿಸಿ ಎಂದು ಕೇಳುವವರಾದರೂ ಇದ್ದಾರೆ. ನಮ್ಮ ತಾಯಂದಿರ ಬಗ್ಗೆ ಕೇಳುವವರು ನಾವೇ.

ಈಗ ಕೆಲಸದ ಮಾತು. ನಿಮ್ಮಲ್ಲಿ ಕೆಲವರು ಅವ್ವನ ಹೆಸರಿನಲ್ಲಿ ಗುಡಿಗೆ ಅಮೃತಶಿಲೆಯ ಫಲಕ ಹಾಕಿಸೋಣ ಎಂದಿರಿ. ನಿಮ್ಮ ಪ್ರೀತಿ ದೊಡ್ಡದು, ಆದರೆ ಬೇಡ. ಕಲ್ಲಿನ ಮೇಲೆ ಹಿಡಿಸುವುದು ಮತ್ತೆ ಅದೇ ಮೂರು ವಿಶೇಷಣ. ಅದರ ಬದಲು ಇನ್ನೂರು ಪುಟದ ನೋಟ್ ಬುಕ್ಕು ಒಂದು ತೆಗೆದುಕೊಳ್ಳಿ. ಈ ತಪಸ್ಸು ಕಾಲದಲ್ಲಿ ನಿಮ್ಮ ಮನೆಯ ಅವ್ವನ, ಅಜ್ಜಿಯ, ಅತ್ತೆಯ, ದೊಡ್ಡಮ್ಮನ ಪಕ್ಕ ಕೂತು ಬರೆದುಕೊಳ್ಳಿ. ಬರೆಯಲು ಆಗದವರು ಮೊಬೈಲಿನಲ್ಲಿ ಮಾತು ಹಿಡಿಯಿರಿ. "ನಿಮ್ಮ ವಿಶ್ವಾಸದ ಬಗ್ಗೆ ಹೇಳಿ" ಎಂದು ಶುರು ಮಾಡಬೇಡಿ, ಅವರು ಬಿಗಿದುಕೊಂಡು ಬಿಡುತ್ತಾರೆ. ಗುಡಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ನಿಮ್ಮ ಜ್ಞಾನತಾಯಿ ಯಾರು, ತೇರಿನ ದಿನ ಏನು ಅಡಿಗೆ, ಹೆರಿಗೆ ಮಾಡಿಸಿದವಳು ಯಾವ ಮನೆಯವಳು, ಊರು ಬಿಡುವ ದಿನ ಗಾಡಿಗೆ ಮೊದಲು ಏನು ಹೇರಿದಿರಿ ಎಂದು ಕೇಳಿ. ಜಗಳಗಳನ್ನೂ ಬರೆದುಕೊಳ್ಳಿ, ಯಾವ ಮನೆಯವರಿಗೆ ಯಾವ ಮನೆಯವರ ಮೇಲೆ ಕೋಪವಿತ್ತು ಎಂಬುದೂ ಚರಿತ್ರೆಯೇ. ಗುಡಿಯ ಒಳಗೆ ತೆಗೆದ ಮದುವೆಯ ಫೋಟೊ ಟ್ರಂಕಿನಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ಫ್ರೇಮಿನಿಂದ ಕಿತ್ತು ಹರಿಯಬೇಡಿ, ಹಾಗೆಯೇ ತನ್ನಿ, ನಕಲು ತೆಗೆಸಿ ವಾಪಸು ಕೊಡುತ್ತೇವೆ.

ಬರೆದದ್ದರ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದನ್ನು ನಿಮ್ಮ ಗುಡಿಯ ಸ್ವಾಮಿಗಳ ಕೈಗೆ ಕೊಟ್ಟು ಜ್ಞಾನಸ್ನಾನದ ರಿಜಿಸ್ಟರುಗಳ ಜೊತೆ ಇಡಲು ಕೇಳಿಕೊಳ್ಳಿ. ಅವರು ಹಿಂದುಮುಂದು ನೋಡಿದರೆ ನನಗೆ ತಿಳಿಸಿ, ನಾನು ಬಂದು ಮಾತಾಡುತ್ತೇನೆ. ಈ ವರ್ಷ ಅಕ್ಟೋಬರಿನ ಜಪಮಾಲೆ ಹಬ್ಬಕ್ಕೆ ತಮ್ಮನ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಮಧ್ಯಾಹ್ನದ ಊಟ ನಮ್ಮದು. ನೀವು ನೋಟ್ ಬುಕ್ಕು ತನ್ನಿ.

ಇತಿ ನಿಮ್ಮ ಅಕ್ಕ,
ಚನ್ನರಾಯಪಟ್ಟಣದಿಂದ